ಬಿಳಿಗಿರಿರಂಗನ ಬೆಟ್ಟ: ಸಂರಕ್ಷಣೆ ಮತ್ತು ಅಧಿಕಾರ ಕುರಿತ ಸಂಶೋಧನೆಯ ಇತಿಹಾಸ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಷ್ಟು ಸಂಶೋಧಕರು ಓಡಾಡಿದ ಕಾಡು ಕರ್ನಾಟಕದಲ್ಲಿ ಅಪರೂಪ. ಸಸ್ಯ, ಹಕ್ಕಿ, ಜೇನು, ಭಾಷೆ, ಕಾನೂನು ಹೀಗೆ ನಾನಾ ವಿಷಯಗಳ ಮೇಲೆ ಇಲ್ಲಿ ಪಿಎಚ್.ಡಿ. ಪ್ರಬಂಧಗಳೂ ದೀರ್ಘಕಾಲದ ಅಧ್ಯಯನಗಳೂ ನಡೆದಿವೆ. ಇಲ್ಲಿನ ಆದಿವಾಸಿಗಳಾದ ಸೋಲಿಗರಿಂದ ಕಾಡಿಗೆ ಎಷ್ಟು ಪೆಟ್ಟು ಬೀಳುತ್ತಿದೆ ಎಂದು ಅಳೆಯಲು ಹೊರಟ ಸಂಶೋಧನೆ, ಕಾಡಿನ ವಿಚಾರದಲ್ಲಿ ತೀರ್ಮಾನ ಮಾಡುವವರು ಯಾರು ಎಂದು ಕೇಳುವ ಮಟ್ಟಕ್ಕೆ ಬಂದದ್ದು ಸುಮಾರು ಎರಡು ದಶಕಗಳಲ್ಲಿ.

ಹಿನ್ನೆಲೆ

ಸಂರಕ್ಷಣೆಯನ್ನು ಅಧಿಕಾರದ ಪ್ರಶ್ನೆಯಾಗಿ ನೋಡುವ ಕ್ರಮ ಈ ಬೆಟ್ಟದಲ್ಲಿ ಹುಟ್ಟಿದ್ದಲ್ಲ. ರಾಮಚಂದ್ರ ಗುಹಾ ಚಿಪ್ಕೋ ಚಳವಳಿಯ ಮೇಲೆ ಮಾಡಿದ ಡಾಕ್ಟರೇಟ್ ಸಂಶೋಧನೆ 1989ರಲ್ಲಿ ಪುಸ್ತಕವಾಗಿ ಬಂದು, ವಸಾಹತು ಕಾಲದ ಅರಣ್ಯ ಇಲಾಖೆಯ ಚರಿತ್ರೆಯನ್ನೇ ಬೇರೆ ಬಗೆಯಲ್ಲಿ ಓದಿಸಿತು. ತಾಂಜಾನಿಯಾದ ಮ್ಕೊಮಾಝಿ ಅಭಯಾರಣ್ಯದಿಂದ 1988ರಲ್ಲಿ ಹೊರಹಾಕಲ್ಪಟ್ಟ ಪಶುಪಾಲಕರ ಪಾಡನ್ನು ಡ್ಯಾನ್ ಬ್ರಾಕಿಂಗ್‌ಟನ್ ಲಂಡನ್ನಿನಲ್ಲಿ ಪಿಎಚ್.ಡಿ.ಗಾಗಿ ಅಧ್ಯಯನ ಮಾಡಿದರು. 2002ರ ಅವರ ಪುಸ್ತಕ ಜನರನ್ನು ಹೊರಗಿಟ್ಟು ಕಾಡಿಗೆ ಕೋಟೆ ಕಟ್ಟುವ ಸಂರಕ್ಷಣಾ ನೀತಿಯ ಚರ್ಚೆಯಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುತ್ತದೆ.

ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದದ್ದು 1974ರಲ್ಲಿ. 1987ರಲ್ಲಿ ಅದನ್ನು ಸುಮಾರು 540 ಚದರ ಕಿ.ಮೀ.ಗೆ ವಿಸ್ತರಿಸಲಾಯಿತು. ಅಭಯಾರಣ್ಯವಾಗುವವರೆಗೆ ಸೋಲಿಗರು ಕಾಡಿನೊಳಗೆ ಜಾಗ ಬದಲಿಸುತ್ತ ರಾಗಿ, ಅವರೆ ಬೆಳೆದು ಪೋಡು ಎಂಬ ಹಾಡಿಗಳಲ್ಲಿ ಬಾಳುತ್ತಿದ್ದರು.  ಅಭಯಾರಣ್ಯವಾದ ಮೇಲೆ ಬೇಸಾಯ, ಬೇಟೆ, ಬೆಂಕಿ ಮೂರೂ ನಿಂತವು. ಒಳಗಾಡಿನ ಕುಟುಂಬಗಳನ್ನು ರಸ್ತೆ ಬದಿಗೂ ಕಾಡಂಚಿಗೂ ತಂದು ಕೂರಿಸಲಾಯಿತು. ಬ್ರಿಟಿಷರ ಕಾಲದ ಹೊನ್ನಮೇಟಿ, ಅತ್ತಿಕಾನ್ ಕಾಫಿ ತೋಟಗಳು ಮಾತ್ರ ಇದ್ದಲ್ಲೇ ಉಳಿದವು. ಈ ವ್ಯತ್ಯಾಸವೊಂದೇ ಪ್ರತ್ಯೇಕ ಪ್ರಬಂಧಕ್ಕೆ ಸಾಕು.

ನೆಲ್ಲಿಕಾಯಿಯ ಲೆಕ್ಕ

ಬೇಸಾಯ ಹೋದ ಮೇಲೆ ಸೋಲಿಗರಿಗೆ ಉಳಿದದ್ದು ಕಾಡಿನ ಕಿರು ಉತ್ಪನ್ನ: ಜೇನು, ನೆಲ್ಲಿ, ಸೀಗೆ, ಅಂಟುವಾಳ, ಮರದ ಪಾಚಿ. ಇವನ್ನು ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿ ಕೊಳ್ಳುತ್ತಿತ್ತು. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಹೊರಗಿನ ಸಂಶೋಧಕರಿಗೂ ಪೋಡುಗಳಿಗೂ ನಡುವಿನ ಕೊಂಡಿಯಾಯಿತು. ಕಮಲ್‌ಜಿತ್ ಬಾವಾ 1996ರಲ್ಲಿ ಸ್ಥಾಪಿಸಿದ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ ಬೆಟ್ಟದಲ್ಲಿ ಕ್ಷೇತ್ರ ಕೇಂದ್ರ ತೆರೆಯಿತು. ಕಿರು ಉತ್ಪನ್ನವೇ ಕುಟುಂಬದ ಆದಾಯದ ಅರ್ಧದಷ್ಟು ಎಂದು ತೊಂಬತ್ತರ ದಶಕದ ಅಧ್ಯಯನಗಳು ಲೆಕ್ಕ ಹಾಕಿದ್ದವು. ಹಾಗಾದರೆ ಕಿತ್ತಷ್ಟೂ ಕಾಡು ಬರಿದಾಗುತ್ತದೆಯೇ?

ಉತ್ತರಕ್ಕಾಗಿ ನೆಲ್ಲಿಮರವನ್ನು ಹಿಡಿದರು. ಕೊಂಬೆ ಕಡಿದು ಕೊಯ್ದರೆ ಮುಂದಿನ ಫಸಲು ತಗ್ಗುತ್ತದೆ. ಆದರೆ ಸೋಲಿಗರು ಸುಮ್ಮನೆ ಕಡಿಯುತ್ತಿರಲಿಲ್ಲ. ‘ಉಪ್ಪಿಲು’ ಎಂದು ಅವರು ಕರೆಯುವ ಬಂದಣಿಕೆ ಹತ್ತಿದ ಕೊಂಬೆಯನ್ನು ತೆಗೆದುಹಾಕುವುದೂ ಅದರಲ್ಲಿ ಸೇರಿತ್ತು. ಕೊಯ್ಲಿಗೆ ಮುಂಚೆ ಕಾಡು ಸುತ್ತಿ ಮರಮರದ ಫಸಲನ್ನು ಕಣ್ಣಂದಾಜಿನಲ್ಲಿ ಹೇಳುವುದು, ಎಷ್ಟು ಕೀಳಬೇಕೆಂದು ಕೂತು ಮಾತಾಡುವುದು, ಕೊಯ್ಲಾದ ಮೇಲೆ ಮತ್ತೆ ಲೆಕ್ಕ ನೋಡುವುದು, ಇಂಥದೊಂದು ಪದ್ಧತಿ ಸಂಶೋಧಕರೂ ಸೋಲಿಗರೂ ಸೇರಿದಾಗ ರೂಪುಗೊಂಡಿತು. ಸಿದ್ದಪ್ಪ ಶೆಟ್ಟಿ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಇದರ ವರದಿಯ ಲೇಖಕರಲ್ಲಿ ಸೋಲಿಗರಾದ ಸಿ. ಮಾದೇಗೌಡ ಒಬ್ಬರು. ಮಾಹಿತಿ ಕೊಡುವವನ ಹೆಸರು ಕೃತಜ್ಞತೆಯ ಸಾಲಿನಿಂದ ಲೇಖಕರ ಸಾಲಿಗೆ ಏರಿತು. ಸಂಶೋಧನೆಯೊಳಗಿನ ಅಧಿಕಾರವನ್ನು ಅಳೆಯಲು ಇದಕ್ಕಿಂತ ಸರಳ ಕೋಲು ಬೇಕಿಲ್ಲ.

ಅಷ್ಟರಲ್ಲಿ ಕೊಯ್ಲೇ ನಿಂತಿತ್ತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಮೇರೆಗೆ ಅಭಯಾರಣ್ಯದಿಂದ ಮಾರಾಟಕ್ಕೆಂದು ಏನನ್ನೂ ತರುವಂತಿಲ್ಲವೆಂದಾಯಿತು. ವರ್ಷಗಟ್ಟಲೆ ಕೂಡಿಸಿದ ಅಂಕಿಅಂಶಗಳನ್ನು ಈ ನಿಷೇಧ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪರಿಸರ ವಿಜ್ಞಾನಿಗಳಲ್ಲಿ ಕೆಲವರು ರಾಜಕಾರಣದ ಕಡೆ ತಿರುಗಲು ಇಂಥ ಅನುಭವವೂ ಕಾರಣವಿರಬೇಕು.

ಬೆಂಕಿ ಮತ್ತು ಲಂಟಾನ

ಬೇಸಿಗೆಯ ಆರಂಭದಲ್ಲಿ, ಹುಲ್ಲು ಎತ್ತರಕ್ಕೆ ಬೆಳೆದು ಒಣಗುವ ಮೊದಲೇ ಉದುರೆಲೆಗೆ ಹಚ್ಚುವ ತಣ್ಣನೆಯ ಬೆಂಕಿಗೆ ಸೋಲಿಗರಲ್ಲಿ ತರಗು ಬೆಂಕಿ ಎಂದು ಹೆಸರು. ನೆಲದ ಮಟ್ಟದಲ್ಲಿ ಸರಿದುಹೋಗುವ ಈ ಬೆಂಕಿ ದೊಡ್ಡ ಮರಗಳನ್ನು ಮುಟ್ಟುವುದಿಲ್ಲ, ಎಳೆಯ ಪೊದೆಯನ್ನು ಸುಡುತ್ತದೆ. ಅದು ನಿಂತ ಮೇಲೆ ಲಂಟಾನ ಕಳೆ ಕಾಡನ್ನೇ ಮುಚ್ಚಿತು, ನೆಲ್ಲಿಗೆ ಉಪ್ಪಿಲು ಹೆಚ್ಚಿತು ಎಂಬುದು ಅವರ ಮಾತು. ಇಂಪೀರಿಯಲ್ ಕಾಲೇಜಿನ ಲೂಸಿ ರಿಸ್ಟ್ ಉಪ್ಪಿಲಿನ ಬಗ್ಗೆ, ಏಟ್ರೀಯ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ ಲಂಟಾನದ ಬಗ್ಗೆ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದರು. 1997ರಲ್ಲಿ ಅಳೆದಿದ್ದ ತಾಣಗಳನ್ನೇ 2008ರಲ್ಲಿ ಮತ್ತೆ ಅಳೆದಾಗ ಲಂಟಾನ ವೇಗವಾಗಿ ಹಬ್ಬಿದ್ದು ಕಂಡಿತು. ಬೆಂಕಿಯೊಂದೇ ಕಾರಣವೇ ಎಂಬುದು ಈಗಲೂ ವಾದದ ವಿಷಯ. ಲಂಟಾನ ಬೆಳೆದಲ್ಲಿ ಬಿದ್ದ ಬೆಂಕಿ ಉಗ್ರವಾಗಿ ಉರಿಯುತ್ತದೆ, ಸುಟ್ಟ ಮೇಲೆ ಅದೇ ಗಿಡ ಮತ್ತೆ ಚಿಗುರುತ್ತದೆ. ಅಂದ ಮೇಲೆ ಹಳೆಯ ಬೆಂಕಿಯನ್ನು ಇಂದಿನ ಕಾಡಿಗೆ ಹಾಗೇ ಹಚ್ಚುವುದೂ ಸುಲಭವಲ್ಲ.

ಹಕ್ಕುಪತ್ರದ ನಂತರ

2011 ಈ ಚರಿತ್ರೆಯ ಮುಖ್ಯ ವರ್ಷ. ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು; ಅಕ್ಟೋಬರಿನಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲು. 2010ರಲ್ಲಿ 35 ಎಂದಿದ್ದ ಹುಲಿಗಳ ಲೆಕ್ಕ 2014ಕ್ಕೆ 68 ಎಂದು ವರದಿಯಾಯಿತು. ಹಕ್ಕು ಕೊಟ್ಟದ್ದರಿಂದಲೇ ಹುಲಿ ಹೆಚ್ಚಿತೆನ್ನುವುದು ಅತಿಯಾದೀತು, ಆದರೆ ಜನರಿದ್ದಲ್ಲಿ ಹುಲಿ ಉಳಿಯದೆಂಬ ವಾದಕ್ಕೆ ಹಿಡಿ ಸಡಿಲವಾಯಿತು.

ಸೋಲಿಗರ ಎಲ್ಲೆಗಳನ್ನೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳಿರುವ ಪವಿತ್ರ ತಾಣಗಳನ್ನೂ ಏಟ್ರೀಯ ನಿತಿನ್ ರೈ, ಮಾದೇಗೌಡ ಮತ್ತು ಪೋಡಿನ ಹಿರಿಯರು ನಕ್ಷೆಗಿಳಿಸಿದರು. ಇಲಾಖೆಯ ನಕ್ಷೆಯ ಪಕ್ಕದಲ್ಲಿ ಇಡಬಹುದಾದ ಇನ್ನೊಂದು ನಕ್ಷೆ ಹೀಗೆ ಸಿದ್ಧವಾಯಿತು. ಸಾಂಪ್ರದಾಯಿಕ ಪದ್ಧತಿಗಳನ್ನು ನಿಷೇಧಿಸಿದ್ದರ ಪರಿಣಾಮ ಕುರಿತು ರೈ ಮತ್ತು ಮಾದೇಗೌಡ ಇತರರೊಡನೆ 2019ರಲ್ಲಿ ಬರೆದ ಪ್ರಬಂಧ, ಹುಲಿ ಸಂರಕ್ಷಣೆಯನ್ನು ನೇರವಾಗಿ ಅಧಿಕಾರದ ವಿಷಯವೆಂದೇ ಚರ್ಚಿಸುತ್ತದೆ. ಮಾದೇಗೌಡರನ್ನು ಪಿಎಚ್.ಡಿ. ಪಡೆದ ಮೊದಲ ಸೋಲಿಗರೆಂದು ಗುರುತಿಸಲಾಗುತ್ತದೆ. ಸಮೀರಾ ಅಗ್ನಿಹೋತ್ರಿ ಹಕ್ಕಿಗಳ ಬಗ್ಗೆ, ಆಂಗ್ ಸಿ ಭಾಷೆಯ ಬಗ್ಗೆ ಮಾಡಿದ ಕೆಲಸ ಸೋಲಿಗರ ತಿಳಿವಳಿಕೆಯನ್ನೇ ವಿಷಯವಾಗಿಸಿಕೊಂಡಿದೆ. ಕಣಜದ ಹೊಸ ಕುಲವೊಂದಕ್ಕೆ ಸೋಲಿಗ ಎಂದೇ ಹೆಸರಿಡಲಾಯಿತು.

ಹಕ್ಕುಪತ್ರ ಬಂದರೂ ತರಗು ಬೆಂಕಿಗೆ ಅನುಮತಿ ಬಂದಿಲ್ಲ. ಸಂಶೋಧಕರ ಸ್ಥಿತಿಯೂ ಇಲಾಖೆಯ ಕೈಯಲ್ಲೇ ಇದೆ: ಅಭಯಾರಣ್ಯದಲ್ಲಿ ಅಧ್ಯಯನ ಮಾಡಲು ವನ್ಯಜೀವಿ ಕಾಯ್ದೆಯ 28ನೇ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು, ಇಲಾಖೆಯ ಅಧಿಕಾರವನ್ನು ಪ್ರಶ್ನಿಸುವ ಪ್ರಬಂಧಕ್ಕೂ ಅಷ್ಟೇ. ಗ್ರಾಮಸಭೆಯನ್ನು ಕೇಳಬೇಕೆಂಬ ಷರತ್ತು ಆ ಕಲಮಿನಲ್ಲಿಲ್ಲ.