ಸಿಕಂದರಾಬಾದಿನ ಹೆಸರಿಲ್ಲದ ಸೊಳ್ಳೆ

ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಬಳಿ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದ ಹಳೆಯ ಕಟ್ಟಡವೊಂದಿದೆ. ಅದರ ಮುಂದಿನ ಹಾದಿಯಲ್ಲಿ ಅದೆಷ್ಟೋ ಸಲ ಓಡಾಡಿದ್ದರೂ ಅದನ್ನು ನಿಂತು ನೋಡಿದವರು ನಮ್ಮಲ್ಲಿ ಕಡಿಮೆ. ಮಲೇರಿಯಾ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಮೊದಲು ಕಂಡ ಡಾ. ರೊನಾಲ್ಡ್ ರಾಸ್ ಅವರ ನೆನಪನ್ನು ಉಳಿಸಿಕೊಂಡಿರುವ ಕಟ್ಟಡ ಅದು. ಅವರು ಅದನ್ನು ಕಂಡದ್ದು 1897ನೆಯ ಇಸವಿ ಆಗಸ್ಟ್ 20ರಂದು. ಜಗತ್ತಿನ ಎಲ್ಲೆಡೆ ಆ ದಿನವನ್ನು ಸೊಳ್ಳೆಯ ದಿನವೆಂದು ನೆನೆಯುತ್ತಾರೆ.

ಇಷ್ಟು ಸಂಗತಿ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ತಾವು ಸೀಳಿ ನೋಡಿದ ಆ ಸೊಳ್ಳೆ ಯಾವುದೆಂಬುದು ರಾಸ್ ಅವರಿಗೇ ಗೊತ್ತಿರಲಿಲ್ಲ! ಅದಕ್ಕೊಂದು ಹೆಸರು ಹೇಳಲು ಅವರಿಂದ ಆಗಲಿಲ್ಲ. ಹೆಸರು ಗೊತ್ತಿಲ್ಲದ ಕಾರಣಕ್ಕೇ ಅವರ ಎರಡು ವರ್ಷಗಳ ದುಡಿಮೆಯಲ್ಲಿ ಬಹುಪಾಲು ವ್ಯರ್ಥವಾಗಿತ್ತು. ಹುಳುಹುಪ್ಪಟೆಗಳಿಗೆ ಹೆಸರಿಟ್ಟು ವಿಂಗಡಿಸುವುದು ಕೆಲಸವಿಲ್ಲದವರ ಹವ್ಯಾಸವೆಂದು ನಗುವವರು ಈ ಕಥೆಯನ್ನು ಒಮ್ಮೆ ಕೇಳಬೇಕು.

ರಾಸ್ ಹುಟ್ಟಿದ್ದು 1857ರಲ್ಲಿ, ಹಿಮಾಲಯದ ತಪ್ಪಲಿನ ಆಲ್ಮೋರಾದಲ್ಲಿ. ಸೈನ್ಯದ ವೈದ್ಯರಾಗಿ ಅವರು 1883ರಲ್ಲಿ ಬೆಂಗಳೂರಿಗೆ ಬಂದರು. ಅಲ್ಲಿನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಹೇಳತೀರದು. ಹುಡುಕಿ ನೋಡಿದರೆ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಕಿಕ್ಕಿರಿದಿದ್ದವು. ತೊಟ್ಟಿ ಮಗುಚಿದೊಡನೆ ಕಾಟ ಕಡಿಮೆಯಾಯಿತು. ದಂಡಿನ ಭೋಜನಶಾಲೆಯಲ್ಲೂ ಹೀಗೆಯೇ ಮಾಡಬಹುದೆಂದು ಹೇಳಲು ಹೋದರೆ, ಅಲ್ಲಿನ ಅಧಿಕಾರಿ ಒಪ್ಪಲಿಲ್ಲವಂತೆ. ಸೊಳ್ಳೆಗಳನ್ನು ದೇವರು ಯಾವುದೋ ಉದ್ದೇಶಕ್ಕಾಗಿ ಸೃಷ್ಟಿಸಿದ್ದಾನೆ, ಅವನ್ನು ಸಹಿಸಿಕೊಳ್ಳುವುದೇ ನಮ್ಮ ಧರ್ಮ ಎಂಬುದು ಆತನ ವಾದ. ಈ ಪ್ರಸಂಗವನ್ನು ರಾಸ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಮಲೇರಿಯಾದ ಪರೋಪಜೀವಿಯನ್ನು ಮನುಷ್ಯರ ರಕ್ತದಲ್ಲಿ ಫ್ರಾನ್ಸಿನ ಲವೆರಾನ್ ಎಂಬ ಸೇನಾವೈದ್ಯರು 1880ರಲ್ಲಿಯೇ ಅಲ್ಜೀರಿಯಾದಲ್ಲಿ ಕಂಡಿದ್ದರು. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಹೇಗೆ ಎಂಬುದು ಮಾತ್ರ ಒಗಟಾಗಿ ಉಳಿದಿತ್ತು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರು ಸೊಳ್ಳೆಯ ಮೇಲೆ ತಮಗಿರುವ ಸಂಶಯವನ್ನು ರಾಸ್ ಅವರಿಗೆ ತಿಳಿಸಿದರು. ಮರುವರ್ಷ ಸಿಕಂದರಾಬಾದಿನ ದಂಡಿಗೆ ಬಂದ ರಾಸ್, ಜ್ವರದ ರೋಗಿಗಳನ್ನು ಸೊಳ್ಳೆಗಳಿಂದ ಕಚ್ಚಿಸಿ, ಆ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ಸೂಕ್ಷ್ಮದರ್ಶಕದಡಿ ನೋಡತೊಡಗಿದರು.

ಆದರೆ ಯಾವ ಸೊಳ್ಳೆ? ನಮ್ಮ ಕಡೆ ಸೊಳ್ಳೆ ಎನ್ನುತ್ತೇವೆ, ಕರಾವಳಿಯವರು ನುಸಿ ಎನ್ನುತ್ತಾರೆ, ಉತ್ತರ ಕರ್ನಾಟಕದವರ ಬಾಯಲ್ಲಿ ಅದು ಗುಂಗಾಡು. ಹೇಗೆ ಕರೆದರೂ ಆ ಒಂದೇ ಹೆಸರಿನೊಳಗೆ ನೂರಾರು ಬಗೆಯ ಜೀವಿಗಳು ಅಡಗಿರುತ್ತವೆ. ರಾಸ್ ಅವರ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಭಾರತದ ಸೊಳ್ಳೆಗಳನ್ನು ವರ್ಗೀಕರಿಸಿದ ಪುಸ್ತಕ ಅವರ ಕೈಗೆ ಒಂದೂ ಸಿಗಲಿಲ್ಲ. ಹಾಗಾಗಿ ಅವರು ತಮಗೆ ತೋಚಿದಂತೆ ಹೆಸರಿಟ್ಟುಕೊಂಡರು. ಬೂದುಬಣ್ಣದವು ಒಂದು ಬಗೆ, ಪಟ್ಟೆಪಟ್ಟೆಯಾಗಿದ್ದವು ಇನ್ನೊಂದು ಬಗೆ. ಮನೆಯಲ್ಲಿ ಹೇರಳವಾಗಿ ಸಿಗುತ್ತಿದ್ದವು ಈ ಎರಡೇ. ಇಂದಿನ ಲೆಕ್ಕದಲ್ಲಿ ಅವು ಕ್ಯೂಲೆಕ್ಸ್ ಮತ್ತು ಏಡಿಸ್ ಕುಲಗಳಿಗೆ ಸೇರಿದವು. ಮನುಷ್ಯರ ಮಲೇರಿಯಾ ಇವೆರಡರಲ್ಲಿಯೂ ಬೆಳೆಯುವುದಿಲ್ಲ. ಇಲ್ಲದ ಕಡೆ ಹುಡುಕಿದರೆ ಸಿಗುವುದಾದರೂ ಹೇಗೆ?

1895ರ ಸೆಪ್ಟೆಂಬರಿನಲ್ಲಿ ಕಾಲರಾ ಹತೋಟಿಯ ಕೆಲಸಕ್ಕಾಗಿ ಅವರನ್ನು ಮತ್ತೆ ಬೆಂಗಳೂರಿಗೆ ಕಳುಹಿಸಲಾಯಿತು. ಅಲ್ಲಿ ನಡೆದದ್ದನ್ನು ಕನ್ನಡಿಗರು ವಿಶೇಷವಾಗಿ ನೆನೆಯಬೇಕು. ಬೌರಿಂಗ್ ಆಸ್ಪತ್ರೆಯ ಸಹಾಯಕ ವೈದ್ಯರೊಬ್ಬರು, ರೋಗಿಗಳ ರಕ್ತ ಹೀರಿದ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ತಾವಾಗಿಯೇ ಮುಂದೆ ಬಂದರು. ಅವರ ಹೆಸರನ್ನು ರಾಸ್ ‘ಅಪ್ಪಿಯಾ’ ಎಂದು ಬರೆದಿದ್ದಾರೆ. ನಮ್ಮ ಬಾಯಲ್ಲಿ ಅದು ಅಪ್ಪಯ್ಯ ಇದ್ದೀತು. ಪ್ರಾಣವನ್ನೇ ಪಣಕ್ಕಿಟ್ಟ ಕೆಲಸವದು. ಅಪ್ಪಯ್ಯನವರಿಗೆ ಜ್ವರ ಬರಲಿಲ್ಲ. ಮ್ಯಾನ್ಸನ್ನರ ಊಹೆ ತಪ್ಪಿತೆಂದು ಇದರಿಂದ ಯಾರಾದರೂ ತೀರ್ಮಾನಿಸಬಹುದಿತ್ತು. ಊಹೆಯೇನೋ ಸರಿಯಾಗಿಯೇ ಇತ್ತು. ತಪ್ಪಿದ್ದು ಸೊಳ್ಳೆಯ ಆಯ್ಕೆ.

1897ರ ಜೂನ್ ತಿಂಗಳಲ್ಲಿ ರಾಸ್ ಸಿಕಂದರಾಬಾದಿಗೆ ಮರಳಿದರು. ಬಿಸಿಲ ಬೇಗೆ ಸಹಿಸಲಾಗದು. ಆದರೂ ಪಂಖಾ ಬೀಸಿದರೆ ಸೀಳಿಟ್ಟ ಸೊಳ್ಳೆ ಹಾರಿಹೋಗುತ್ತದೆಂದು ಅದನ್ನು ನಿಲ್ಲಿಸಿದ್ದರು. ಹಣೆಯ ಬೆವರು ತಾಗಿ ತಾಗಿ ಸೂಕ್ಷ್ಮದರ್ಶಕದ ತಿರುಪುಗಳಿಗೆ ತುಕ್ಕು ಹಿಡಿದಿತ್ತು, ಅದರ ಕಣ್ಣುಗಾಜು ಬಿರುಕುಬಿಟ್ಟಿತ್ತು. ಹೀಗಿರುವಾಗ ಆಗಸ್ಟ್ ಮಧ್ಯದಲ್ಲಿ ಸಹಾಯಕನೊಬ್ಬ ತಂದ ಮರಿಹುಳುಗಳಿಂದ ಹೊಸ ಬಗೆಯ ಸೊಳ್ಳೆಗಳು ಹೊರಬಂದವು. ಕಂದುಬಣ್ಣ, ರೆಕ್ಕೆಯ ಮೇಲೆ ಚುಕ್ಕೆ ಚುಕ್ಕೆ. ಆಗಸ್ಟ್ 16ರಂದು ಹುಸೇನ್ ಖಾನ್ ಎಂಬ ಜ್ವರಪೀಡಿತ ಅವುಗಳಿಂದ ಕಚ್ಚಿಸಿಕೊಂಡ; ಸೊಳ್ಳೆಯೊಂದಕ್ಕೆ ಅವನಿಗೆ ಸಂದ ಕೂಲಿ ಒಂದು ಆಣೆ. ಕೆಲವು ಸೊಳ್ಳೆಗಳು ಸತ್ತವು, ಕೆಲವನ್ನು ಸೀಳಿ ನೋಡಿದ್ದೂ ಆಯಿತು. ಇಪ್ಪತ್ತನೆಯ ತಾರೀಖಿನ ಹೊತ್ತಿಗೆ ಉಳಿದಿದ್ದವು ಎರಡೋ ಮೂರೋ ಮಾತ್ರ. ಅವುಗಳಲ್ಲೊಂದರ ಜಠರದ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಅವುಗಳೊಳಗೆ, ರೋಗಿಗಳ ರಕ್ತದಲ್ಲಿನ ಪರೋಪಜೀವಿಯಲ್ಲಿ ಕಾಣುವಂಥದೇ ಕಪ್ಪುಕಣಗಳಿದ್ದವು. ಮರುದಿನ ಇನ್ನೊಂದು ಸೊಳ್ಳೆಯನ್ನು ಸೀಳಿದಾಗ ಆ ಕೋಶಗಳು ಇನ್ನೂ ದೊಡ್ಡವಾಗಿದ್ದವು. ಅವು ಬೆಳೆಯುತ್ತಿದ್ದವು! ಒಗಟಿನ ಗಂಟು ಸಡಿಲಿತ್ತು.

ಆ ಡಿಸೆಂಬರ್ 18ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ರಾಸ್ ಅವರ ವರದಿ ಅಚ್ಚಾಯಿತು. ಸೊಳ್ಳೆಯ ಬಣ್ಣ, ರೆಕ್ಕೆಯ ಗುರುತು, ದೋಣಿಯಾಕಾರದ ಮೊಟ್ಟೆ, ಎಲ್ಲವೂ ಅದರಲ್ಲಿ ಇದ್ದವು, ಇಲ್ಲದ್ದು ಹೆಸರೊಂದೇ. ಅಷ್ಟರಲ್ಲಿ ಸರ್ಕಾರ ಅವರನ್ನು ರಾಜಪುತಾನದ ಖೇರ್ವಾಡಾಕ್ಕೆ ವರ್ಗಮಾಡಿತ್ತು. ಮುಂದೆ 1898ರಲ್ಲಿ ಅವರು ಕಲ್ಕತ್ತೆಯಲ್ಲಿ ಪಕ್ಷಿಗಳ ಮಲೇರಿಯಾವನ್ನು ಹಿಡಿದು, ರೋಗಾಣು ಸೊಳ್ಳೆಯ ಲಾಲಾಗ್ರಂಥಿಯನ್ನು ಸೇರಿ ಕಚ್ಚಿದಾಗ ಹೊರಬರುವುದನ್ನು ತೋರಿಸಿಕೊಟ್ಟರು. ಅಲ್ಲಿ ಅವರಿಗೆ ನೆರವಾದದ್ದು ಸಿಕಂದರಾಬಾದಿನಲ್ಲಿ ನಿರಾಸೆಗೊಳಿಸಿದ ಅದೇ ಬೂದುಬಣ್ಣದ ಸೊಳ್ಳೆ ಎಂಬುದು ಸೋಜಿಗ.

ಹೆಸರಿಗೆ ಇಷ್ಟೊಂದು ಮಹತ್ವ ಏಕೆ? ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಪ್ರಾಣಿಗಳಿಗೆಲ್ಲ ಎರಡು ಪದಗಳ ಹೆಸರನ್ನು ಕೊಡುವ ಪದ್ಧತಿಯನ್ನು ನೆಲೆಗೊಳಿಸಿದರು. ಮೊದಲ ಪದ ಕುಲದ್ದು, ಎರಡನೆಯದು ಪ್ರಭೇದದ್ದು. ಹೊಸ ಪ್ರಭೇದವೊಂದನ್ನು ಸಾರುವವರು ಅದರ ಲಕ್ಷಣಗಳನ್ನು ವಿವರಿಸಿ ಅಚ್ಚುಹಾಕಿಸಬೇಕು, ಮಾದರಿಯೊಂದನ್ನು ಸಂಗ್ರಹಾಲಯದಲ್ಲಿ ಕಾದಿರಿಸಬೇಕು. ಹಾಗೆ ಮಾಡಿದರೆ ಹೈದರಾಬಾದಿನವನು ಹೇಳಿದ್ದು ರೋಮಿನವನಿಗೆ ತಪ್ಪಿಲ್ಲದೆ ತಿಳಿಯುತ್ತದೆ. ‘ಚುಕ್ಕೆ ರೆಕ್ಕೆಯ ಸೊಳ್ಳೆ’ ಎಂದರೆ ತಿಳಿಯುವುದಿಲ್ಲ. ರಾಸ್ ಕಂಡ ಸೊಳ್ಳೆಯ ಕುಲಕ್ಕೆ ಜರ್ಮನಿಯ ಮೈಗೆನ್ 1818ರಲ್ಲಿಯೇ ಅನಾಫಿಲಿಸ್ ಎಂದು ಹೆಸರಿಟ್ಟಿದ್ದರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ‘ನಿಷ್ಪ್ರಯೋಜಕ’ ಎಂದರ್ಥ. ಹೆಸರು ಸಿದ್ಧವಾಗಿ ಎಂಬತ್ತು ವರ್ಷಗಳಾಗುತ್ತ ಬಂದಿದ್ದರೂ ಅದು ಬೇಕಾದವರ ಕೈಗೆ ತಲಪಿರಲಿಲ್ಲ.

ಇಟಲಿಯ ಗ್ರಾಸಿ ಅವರ ಕೈಯಲ್ಲಿ ಅದು ಇತ್ತು. ಅವರು ಪ್ರಾಣಿಶಾಸ್ತ್ರಜ್ಞರು. ಜ್ವರವಿರುವ ಊರುಗಳ ಸೊಳ್ಳೆಗಳನ್ನೂ ಜ್ವರವಿಲ್ಲದ ಊರುಗಳ ಸೊಳ್ಳೆಗಳನ್ನೂ ಹೋಲಿಸಿ, ಎರಡೂ ಕಡೆ ಇರುವವನ್ನು ಬಿಡುತ್ತ ಹೋಗಿ, 1898ರಲ್ಲಿ ಅವರು ಅನಾಫಿಲಿಸ್ ಮೇಲೆ ಬೆರಳಿಟ್ಟು ತೋರಿಸಿದರು. ಮನುಷ್ಯರ ಮಲೇರಿಯಾದ ಪೂರ್ಣ ಚಕ್ರವನ್ನು ಸಂಗಡಿಗರೊಡನೆ ಅನಾಫಿಲಿಸ್‌ನಲ್ಲಿಯೇ ಕಂಡರು. ಮೊದಲು ಕಂಡವರಾರೆಂದು ಇಬ್ಬರಿಗೂ ಭಾರಿ ಜಗಳವಾಯಿತು. 1902ರ ನೊಬೆಲ್ ಬಹುಮಾನ ಬಂದದ್ದು ರಾಸ್ ಒಬ್ಬರಿಗೇ. ಮನಸ್ತಾಪ ಮಾತ್ರ ಕೊನೆಯತನಕ ಹೋಗಲಿಲ್ಲ. ಇಂದು ದೂರದಿಂದ ನೋಡುವ ನಮಗೆ ಅನಿಸುವುದಿಷ್ಟು: ಒಬ್ಬರು ಹೆಸರಿಲ್ಲದೆ ಸತ್ಯವನ್ನು ಕಂಡರು, ಇನ್ನೊಬ್ಬರು ಆ ಸತ್ಯಕ್ಕೆ ವಿಳಾಸ ಕೊಟ್ಟರು.

ಅಲ್ಲಿಂದ ಮುಂದೆ ಹೆಸರಿಡುವ ಕೆಲಸ ಭರದಿಂದ ನಡೆಯಿತು. ಬ್ರಿಟಿಷ್ ವಸಾಹತುಗಳಿಂದ ಲಂಡನ್ನಿನ ಸಂಗ್ರಹಾಲಯಕ್ಕೆ ಸೊಳ್ಳೆಗಳು ಬಂದು ಸೇರಿದವು. ಅವನ್ನೆಲ್ಲ ವರ್ಣಿಸಿ ಥಿಯೋಬಾಲ್ಡ್ 1901ರಿಂದ 1910ರವರೆಗೆ ಐದು ಸಂಪುಟಗಳನ್ನು ಹೊರತಂದರು. ಭಾರತದಲ್ಲಿ ಗೈಲ್ಸ್ ಎಂಬ ಸೇನಾವೈದ್ಯರು 1899ರಲ್ಲಿ ಒಂದು ಅನಾಫಿಲಿಸ್‌ಗೆ ರಾಸ್ ಅವರ ಗೌರವಾರ್ಥ ‘ರಾಸಿಯೈ’ ಎಂದು ಹೆಸರಿಟ್ಟರು. ಆದರೆ ಅದೇ ಸೊಳ್ಳೆಯನ್ನು ಆ ವರ್ಷವೇ ಗ್ರಾಸಿ ‘ಸಬ್‌ಪಿಕ್ಟಸ್’ ಎಂದು ವರ್ಣಿಸಿದ್ದರು. ಮೊದಲಿನ ಹೆಸರಿಗೇ ಮಾನ್ಯತೆ ಎಂಬುದು ಈ ಶಾಸ್ತ್ರದ ಕಟ್ಟುನಿಟ್ಟಿನ ನಿಯಮ. ಆದ್ದರಿಂದ ರಾಸ್ ಅವರ ಹೆಸರು ಅಳಿದು ಅವರ ಎದುರಾಳಿ ಇಟ್ಟ ಹೆಸರೇ ಉಳಿಯಿತು! ಸಾಲದ್ದಕ್ಕೆ, ಸ್ಟೀಫೆನ್ಸ್ ಮತ್ತು ಕ್ರಿಸ್ಟೋಫರ್ಸ್ ಪರೀಕ್ಷಿಸಿ ನೋಡಿದಾಗ, ಎಲ್ಲೆಲ್ಲೂ ಹೇರಳವಾಗಿದ್ದ ಈ ಸೊಳ್ಳೆ ಮಲೇರಿಯಾ ಹರಡುವುದರಲ್ಲಿ ಲೆಕ್ಕಕ್ಕೇ ಇಲ್ಲದ್ದೆಂದು ಕಂಡುಬಂತು.

ಹಾಗಾದರೆ 1897ರ ಸೊಳ್ಳೆ ಯಾವುದು? ಅದು ಅನಾಫಿಲಿಸ್ ಸ್ಟೀಫೆನ್ಸೈ ಆಗಿದ್ದಿರಬೇಕೆಂಬುದು ಸಾಮಾನ್ಯ ಅಭಿಪ್ರಾಯ. ಅದನ್ನು 1901ರಲ್ಲಿ ವರ್ಣಿಸಿದವರು ಲಿಸ್ಟನ್. ಸ್ಥಳ ಎಲಿಚ್‌ಪುರ, ಅಂದರೆ ಇಂದಿನ ಅಚಲಪುರ. ಬ್ರಿಟಿಷರ ಆಡಳಿತದಲ್ಲಿದ್ದರೂ ಹೆಸರಿಗೆ ಇನ್ನೂ ನಿಜಾಮರದೇ ಆಗಿದ್ದ ಬೀರಾರಿನ ಊರು ಅದು. ನಿಜಾಮರ ಸೀಮೆಯಲ್ಲಿ ಸಿಕ್ಕಿಬಿದ್ದ ಸೊಳ್ಳೆಗೆ ನಾಲ್ಕು ವರ್ಷಗಳ ಮೇಲೆ ನಿಜಾಮರ ಸೀಮೆಯಲ್ಲಿಯೇ ನಾಮಕರಣವಾಯಿತು ಎನ್ನಬಹುದು.

ಹೆಸರು ಗೊತ್ತಾದರೆ ಮನೆ ಗೊತ್ತಾಗುತ್ತದೆ. ಸ್ಟೀಫೆನ್ಸೈ ಹುಟ್ಟುವುದು ಪಟ್ಟಣಗಳ ಬಾವಿ, ತೊಟ್ಟಿ, ಮಾಳಿಗೆಯ ಮೇಲಿನ ಟ್ಯಾಂಕುಗಳಲ್ಲಿ. ಮಲೆನಾಡನ್ನು ಚಳಿಜ್ವರದಿಂದ ನಡುಗಿಸಿದ ಫ್ಲೂವಿಯಾಟಿಲಿಸ್ ಹರಿಯುವ ತೊರೆಗಳ ಅಂಚಿನದು. ಬಯಲುಸೀಮೆಯ ಹಳ್ಳಿಗಳ ಕ್ಯೂಲಿಸಿಫೇಸಿಸ್ ಕಾಲುವೆ, ಹೊಂಡಗಳದು. ಹೆಸರು ತಿಳಿಯದೆ ಯುದ್ಧಕ್ಕೆ ಹೊರಟರೆ ನಾಡಿನ ನೀರನ್ನೆಲ್ಲ ಬತ್ತಿಸಬೇಕಾಗುತ್ತದೆ. ತಿಳಿದರೆ ಒಂದು ಮುಚ್ಚಳ ಸಾಕಾದೀತು.

ಈ ವಿವೇಚನೆಯನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದದ್ದು ನಮ್ಮ ಮೈಸೂರು. 1937ರಲ್ಲಿ ಸ್ವೀಟ್ ಮತ್ತು ಬಿ. ಎ. ರಾವ್ ಎಂಬ ಸಂಶೋಧಕರು ಸ್ಟೀಫೆನ್ಸೈ ಸೊಳ್ಳೆಯ ಮೊಟ್ಟೆಗಳನ್ನು ಅಳೆದು, ಅವು ಒಂದೇ ತೆರನಾಗಿಲ್ಲವೆಂದು ತೋರಿಸಿದರು. ಮೊಟ್ಟೆಯ ಪಕ್ಕದ ತೇಲುಚೀಲದ ಮೇಲೆ ಗೀರುಗಳಿರುತ್ತವೆ. ಒಂದು ಬಗೆಯಲ್ಲಿ ಅವು 14ರಿಂದ 22, ಇನ್ನೊಂದರಲ್ಲಿ 9ರಿಂದ 15. ಗೀರು ಕಡಿಮೆಯಿರುವ ಬಗೆಗೆ ಅವರು ಕೊಟ್ಟ ಹೆಸರು ‘ಮೈಸೂರೆನ್ಸಿಸ್’. ಗೀರು ಹೆಚ್ಚಿರುವ ಪಟ್ಟಣದ ಬಗೆ ರೋಗ ಹರಡುವುದರಲ್ಲಿ ಮುಂದು. ಹಳ್ಳಿಯ ಕಡೆಯ ಮೈಸೂರೆನ್ಸಿಸ್ ನಮ್ಮ ದೇಶದಲ್ಲಿ ಅಷ್ಟು ಅಪಾಯಕಾರಿಯಲ್ಲ. ಕಣ್ಣಿಗೆ ಸರಿಯಾಗಿ ಕಾಣದ ಗೀರುಗಳನ್ನು ಎಣಿಸುವ ತಾಳ್ಮೆಯಿಂದ ತಿಳಿದುಬಂದ ಸಂಗತಿಯಿದು.

ಕೆಲಸ ಇನ್ನೂ ಮುಗಿದಿಲ್ಲ. ಕ್ಯೂಲಿಸಿಫೇಸಿಸ್ ಎಂದು ನಂಬಿದ್ದ ಒಂದು ಸೊಳ್ಳೆ ನಿಜಕ್ಕೂ ಐದೆಂದು, 1980ರ ನಂತರ ವರ್ಣತಂತುಗಳ ಪರೀಕ್ಷೆಯಿಂದ ಗೊತ್ತಾಗಿದೆ. ನಮ್ಮ ಸ್ಟೀಫೆನ್ಸೈ 2012ರಲ್ಲಿ ಆಫ್ರಿಕದ ಜಿಬೂತಿಯಲ್ಲೂ 2016ರಲ್ಲಿ ಇಥಿಯೋಪಿಯದಲ್ಲೂ ಕಾಣಿಸಿಕೊಂಡಿತು. ಅಲ್ಲಿನ ನಗರಗಳಿಗೆ ಇದೊಂದು ಹೊಸ ಪೀಡೆ. ಬಂದ ಅತಿಥಿ ಯಾರೆಂದು ಅಲ್ಲಿಯವರು ಗುರುತಿಸಬಲ್ಲವರಾದದ್ದು, ನೂರು ವರ್ಷಗಳ ಹಿಂದೆ ಎಲಿಚ್‌ಪುರದಲ್ಲಿ ಒಬ್ಬರು ಅದರ ರೆಕ್ಕೆ, ಕಾಲು, ಸೊಂಡಿಲುಗಳನ್ನು ಸಾವಧಾನವಾಗಿ ವರ್ಣಿಸಿ ಇಟ್ಟಿದ್ದರಿಂದ.

ಮುಂದೊಮ್ಮೆ ಬೇಗಂಪೇಟೆಯ ಆ ಕಟ್ಟಡದ ಮುಂದೆ ಹಾದುಹೋಗುವಾಗ ರಾಸ್ ಅವರನ್ನು ನೆನೆಯೋಣ. ಅವರೊಡನೆ ಒಂದಾಣೆ ಕೂಲಿಗೆ ಕೈಯೊಡ್ಡಿದ ಹುಸೇನ್ ಖಾನನನ್ನೂ, ಕೂಲಿಯ ಮಾತಿಲ್ಲದೆ ಕೈಯೊಡ್ಡಿದ ಬೆಂಗಳೂರಿನ ಅಪ್ಪಯ್ಯನವರನ್ನೂ, ಕಿರಿದಾದ ಜೀವಿಗಳಿಗೆ ಹೆಸರಿಡುತ್ತ ಬಾಳು ಸವೆಸಿದವರನ್ನೂ ನೆನೆಯೋಣ. ಮನೆಗೆ ಮರಳಿದ ಮೇಲೆ ಮಾಳಿಗೆಯ ಟ್ಯಾಂಕಿನ ಮುಚ್ಚಳ ಸರಿಯಾಗಿದೆಯೇ ಎಂದು ಒಮ್ಮೆ ನೋಡಿದರೆ ಅವರೆಲ್ಲರ ಶ್ರಮಕ್ಕೆ ನಾವು ಸಲ್ಲಿಸುವ ಕಾಣಿಕೆ ಅದು.