ಬಿಡಿಬಿಡಿಯಾಗಿ ಕೊಳ್ಳುವ ಗಣಕ

ಬೆಂಗಳೂರಿನ ಎಸ್.ಪಿ. ರಸ್ತೆಗೆ, ಅಂದರೆ ಸಾದರ ಪತ್ರಪ್ಪ ರಸ್ತೆಗೆ, ಗಣಕ ಕೊಳ್ಳಲು ಬರುವ ಹುಡುಗನ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಪ್ರೊಸೆಸರ್ ಇಂಥದು, ಮದರ್‌ಬೋರ್ಡ್ ಇಂಥದು, ರ‍್ಯಾಮ್ ಇಷ್ಟು, ಗ್ರಾಫಿಕ್ಸ್ ಕಾರ್ಡ್ ಇಷ್ಟರೊಳಗೆ ಬಂದರೆ ಸರಿ ಎಂದು ದಿನಸಿ ಪಟ್ಟಿಯ ಹಾಗೆ ಬರೆದದ್ದು. ರಾತ್ರಿ ಆಟ ಆಡಬೇಕು, ಹಗಲು ಮದುವೆಯ ವಿಡಿಯೋ ಎಡಿಟ್ ಮಾಡಿ ನಾಲ್ಕು ಕಾಸು ಸಂಪಾದಿಸಬೇಕು. ಜೇಬಿನಲ್ಲಿರುವ ಹಣ ಎರಡರಲ್ಲಿ ಒಂದಕ್ಕೆ ಸಾಲುವಷ್ಟು. ಫ್ರಿಜ್ ಕೊಳ್ಳುವಾಗ ಕಂಪ್ರೆಸರ್ ಒಬ್ಬರದು, ಬಾಗಿಲು ಇನ್ನೊಬ್ಬರದು ಇರಲಿ ಎಂದು ಯಾರೂ ಕೇಳುವುದಿಲ್ಲ. ಗಣಕಕ್ಕೆ ಮಾತ್ರ ಈ ಸೌಕರ್ಯ ಹೇಗೆ ಒದಗಿತು?

ಯಾರೂ ಕೊಡಬೇಕೆಂದು ಕೊಟ್ಟ ಸೌಕರ್ಯ ಅದಲ್ಲ. ಒಂದು ದೊಡ್ಡ ಕಂಪನಿಯ ಅವಸರದಿಂದ ಹುಟ್ಟಿದ್ದು. 1980ರಲ್ಲಿ ಐಬಿಎಂ ಸಂಸ್ಥೆಗೆ, ಸಣ್ಣ ಗಣಕಗಳ ಸಂತೆಯಲ್ಲಿ ತಾನು ಹಿಂದೆ ಬಿದ್ದೆನೆಂಬ ಕಳವಳ ಹತ್ತಿತ್ತು. ಫ್ಲಾರಿಡಾದ ಬೋಕಾ ರಟಾನ್ ಎಂಬಲ್ಲಿದ್ದ ಪುಟ್ಟ ತಂಡವೊಂದಕ್ಕೆ ಸುಮಾರು ಒಂದು ವರ್ಷದ ಗಡುವು ಸಿಕ್ಕಿತು. ತನ್ನ ಯಂತ್ರದ ಭಾಗಗಳನ್ನು ತಾನೇ ತಯಾರಿಸಿಕೊಳ್ಳುವುದು ಐಬಿಎಂನ ರೂಢಿ. ಆದರೆ ಅಷ್ಟು ವ್ಯವಧಾನವಿರಲಿಲ್ಲ. ಪ್ರೊಸೆಸರನ್ನು ಇಂಟೆಲ್‌ನಿಂದ ತಂದರು. ಫ್ಲಾಪಿ ಡ್ರೈವನ್ನು ಭಾರತದಲ್ಲಿ ಹುಟ್ಟಿದ ಜುಗಿ ತಂಡನ್ ಅವರು ಕ್ಯಾಲಿಫೋರ್ನಿಯದಲ್ಲಿ ಕಟ್ಟಿದ ಕಂಪನಿಯಿಂದ ಪಡೆದರು. ಯಂತ್ರವನ್ನು ನಡೆಸುವ ತಂತ್ರಾಂಶ ಮೈಕ್ರೋಸಾಫ್ಟ್‌ನದು. 1981ರ ಆಗಸ್ಟ್ 12ರಂದು ಈ ಗಣಕ ಹೊರಬಂತು. ಬೆಲೆ 1,565 ಡಾಲರಿನಿಂದ ಆರಂಭ. ಒಳಗೆ ಬೇಕಾದ ಕಾರ್ಡು ಸಿಕ್ಕಿಸಿಕೊಳ್ಳಲು ಐದು ಸ್ಲಾಟುಗಳು. ಯಾರು ಬೇಕಾದರೂ ಕಾರ್ಡು ಮಾಡಲೆಂದು ಯಂತ್ರದ ವಿದ್ಯುತ್ ನಕ್ಷೆಗಳನ್ನೂ ಕಂಪನಿ ಅಚ್ಚು ಹಾಕಿಸಿ ಮಾರಿತು.

ಕೊರಳ ತಾಳಿಯಂತೆ ಐಬಿಎಂ ಬಿಗಿಯಾಗಿ ಹಿಡಿದುಕೊಂಡಿದ್ದು ಒಂದನ್ನು ಮಾತ್ರ: ಬಯೋಸ್. ಸ್ವಿಚ್ ಹಾಕಿದೊಡನೆ ಯಂತ್ರವನ್ನು ಎಚ್ಚರಿಸಿ, ಭಾಗಗಳನ್ನು ಪರಸ್ಪರ ಪರಿಚಯ ಮಾಡಿಸುವ ಪುಟ್ಟ ತಂತ್ರಾಂಶ ಅದು. ಅದರ ಸಾಲುಗಳನ್ನೂ ಐಬಿಎಂ ಪ್ರಕಟಿಸಿತ್ತು, ಆದರೆ ನಕಲು ಮಾಡಿದರೆ ಕೃತಿಸ್ವಾಮ್ಯದ ಮೊಕದ್ದಮೆ. 1982ರಲ್ಲಿ ಹ್ಯೂಸ್ಟನ್ನಿನಲ್ಲಿ ಹುಟ್ಟಿದ ಕಾಂಪ್ಯಾಕ್ ಕಂಪನಿ ಇದಕ್ಕೊಂದು ಜಾಣ ದಾರಿ ಹಿಡಿಯಿತು. ಒಂದು ಗುಂಪಿನವರು ಬಯೋಸ್ ಏನೇನು ಕೆಲಸ ಮಾಡುತ್ತದೆ ಎಂಬುದನ್ನಷ್ಟೇ ಬರೆದಿಟ್ಟರು. ಮೂಲವನ್ನು ಕಣ್ಣಿನಿಂದಲೂ ನೋಡಿರದ ಇನ್ನೊಂದು ಗುಂಪಿನವರು ಆ ವಿವರಣೆಯನ್ನು ಮುಂದಿಟ್ಟುಕೊಂಡು ಹೊಸದಾಗಿ ಬರೆದರು. ಕೆಲಸ ಅದೇ, ಸಾಲುಗಳು ಬೇರೆ. ಕೋರ್ಟಿಗೆ ಹಿಡಿಯಲು ಏನೂ ಉಳಿಯಲಿಲ್ಲ. ಫೀನಿಕ್ಸ್ ಎಂಬ ಕಂಪನಿ 1984ರಲ್ಲಿ ಇದೇ ಬಗೆಯಲ್ಲಿ ಬಯೋಸ್ ಬರೆದು ಕೇಳಿದವರಿಗೆಲ್ಲ ಮಾರತೊಡಗಿತು. ಅಲ್ಲಿಗೆ ಕಟ್ಟು ಬಿಚ್ಚಿಹೋಯಿತು. 1987ರಲ್ಲಿ ಐಬಿಎಂ ತನ್ನದೇ ಸ್ಲಾಟು ಮಾಡಿ, ಬಳಸುವವರಿಂದ ಹಣ ಕೇಳಿ, ಹಳೆಯ ಹಿಡಿತಕ್ಕೆ ಪ್ರಯತ್ನಿಸಿತು. ಪೇಟೆ ಅದರ ಹಿಂದೆ ಹೋಗಲಿಲ್ಲ.

ನಮ್ಮಲ್ಲಿ 1984ರ ನವೆಂಬರಿನ ಕಂಪ್ಯೂಟರ್ ನೀತಿ ಬಿಡಿಭಾಗಗಳ ಆಮದಿನ ಬಿಗಿಯನ್ನು ಸಡಿಲಿಸಿತು. ಮುಂದೆ ‘ಬ್ರಾಂಡೆಡ್’ ಮತ್ತು ‘ಅಸೆಂಬಲ್ಡ್’ ಎಂಬ ಎರಡು ಜಾತಿಗಳು ಹುಟ್ಟಿಕೊಂಡವು. ದೆಹಲಿಯ ನೆಹರು ಪ್ಲೇಸ್, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ನಮ್ಮ ಎಸ್.ಪಿ. ರಸ್ತೆ, ಇವೆಲ್ಲ ಎರಡನೆಯ ಜಾತಿಯ ತವರು. ಮಧ್ಯಮ ವರ್ಗದ ಎಷ್ಟೋ ಮನೆಗಳಿಗೆ ಮೊದಲ ಗಣಕ ಬಂದದ್ದು ಹೆಸರಿಲ್ಲದ ಕ್ಯಾಬಿನೆಟ್ಟಿನಲ್ಲಿ.

ಈಗ ಚೀಟಿಯ ಹುಡುಗನ ಪೇಚಾಟಕ್ಕೆ ಬರೋಣ. ಆಟ ಮತ್ತು ವಿಡಿಯೋ ಒಂದೇ ಯಂತ್ರದಲ್ಲಿ ಎಂಬ ಆಸೆ ಹೊಸದು. ಮೊದಲು ಅವೆರಡೂ ಬೇರೆ ಬೇರೆ ಯಂತ್ರಗಳ ಕೆಲಸ. 1993ರ ‘ಡೂಮ್’ ಆಟದ ಚಿತ್ರಗಳನ್ನೆಲ್ಲ ಪ್ರೊಸೆಸರ್ ಒಂದೇ ಲೆಕ್ಕ ಹಾಕಿ ಬಿಡಿಸುತ್ತಿತ್ತು. 1996ರಲ್ಲಿ ತ್ರೀಡಿಎಫ್ಎಕ್ಸ್ ಕಂಪನಿಯ ‘ವೂಡೂ’ ಕಾರ್ಡು ಬಂದು ಆ ಹೊರೆಯ ಒಂದು ಪಾಲನ್ನು ಹೊತ್ತಿತು. ಅದೇ ಕಾಲಕ್ಕೆ ಮೆಮೊರಿ ಚಿಪ್ಪುಗಳ ಬೆಲೆ ಕುಸಿದಿದ್ದರಿಂದಲೇ ಅದು ಮನೆಯ ಗಣಕಕ್ಕೆ ಎಟುಕಿತು ಎಂಬುದು ಗಮನಿಸಬೇಕಾದ ಮಾತು.

ವಿಡಿಯೋದವರ ಸಂಕಟ ಬೇರೆಯೇ ಇತ್ತು. 1995ರಲ್ಲಿ ಬಂದ ಡಿವಿ ಕ್ಯಾಮೆರಾದ ಒಂದು ಗಂಟೆಯ ಚಿತ್ರಕ್ಕೆ ಸುಮಾರು 13 ಗಿಗಾಬೈಟ್ ಜಾಗ ಬೇಕು. ಆಗಿನ ಹಾರ್ಡ್ ಡಿಸ್ಕುಗಳಿಗೆ ಅಷ್ಟು ಹೊಟ್ಟೆಯೇ ಇರಲಿಲ್ಲ. ಮೂರು ದಿನದ ಮದುವೆಯ ಗತಿಯೇನು! ಆದ್ದರಿಂದ ಅವರ ಹಣವೆಲ್ಲ ಡಿಸ್ಕಿಗೂ ಕ್ಯಾಪ್ಚರ್ ಕಾರ್ಡಿಗೂ ಸುರಿಯುತ್ತಿತ್ತು. ಆಟದ ಕಾರ್ಡು ಅವರಿಗೆ ಮಕ್ಕಳಾಟಿಕೆ.

ಆ ಆಟಿಕೆಯೇ ಮುಂದೆ ಅನ್ನ ಹಾಕಿತು. ಪರದೆಯ ಲಕ್ಷಾಂತರ ಚುಕ್ಕೆಗಳಿಗೆ ಏಕಕಾಲಕ್ಕೆ ಲೆಕ್ಕ ಹಾಕಲು ಮಾಡಿದ ಚಿಪ್ಪು, ಚುಕ್ಕೆಗಳಲ್ಲದ ಲೆಕ್ಕವನ್ನೂ ಮಾಡೀತು ಎಂಬುದನ್ನು ಕಂಡುಕೊಂಡ ಎನ್‌ವಿಡಿಯಾ ಕಂಪನಿ 2006ರಲ್ಲಿ ಅದಕ್ಕೆಂದೇ ‘ಕೂಡಾ’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. 2010ರ ಅಡೋಬ್ ಪ್ರೀಮಿಯರ್ ತಂತ್ರಾಂಶ ಅದನ್ನು ಬಳಸಿಕೊಂಡಿತು. ಚಿತ್ರರಂಗದಲ್ಲಿ ಬಣ್ಣ ತಿದ್ದಲು ಬಳಸುತ್ತಿದ್ದ ಡಾವಿಂಚಿ ಯಂತ್ರಗಳಿಗೆ ಒಂದು ಕಾಲಕ್ಕೆ ಲಕ್ಷಾಂತರ ಡಾಲರ್ ತೆರಬೇಕಿತ್ತು. 2009ರಲ್ಲಿ ಅದನ್ನು ಕೊಂಡ ಬ್ಲ್ಯಾಕ್‌ಮ್ಯಾಜಿಕ್ ಕಂಪನಿ 2011ರಲ್ಲಿ ಅದರ ತಂತ್ರಾಂಶದ ಒಂದು ಆವೃತ್ತಿಯನ್ನು ಪುಕ್ಕಟೆ ಕೊಟ್ಟಿತು. ಅದು ಮುಖ್ಯವಾಗಿ ನೆಚ್ಚಿರುವುದು ಗ್ರಾಫಿಕ್ಸ್ ಕಾರ್ಡನ್ನು. ಊರೂರಿನ ಹುಡುಗರು ಆಟಕ್ಕೆಂದು ಸುರಿದ ಹಣದಿಂದ ಸ್ಟುಡಿಯೋದ ಉಪಕರಣ ಅಗ್ಗವಾದದ್ದು ಹೀಗೆ.

ಹಾಗೆಂದು ಅರ್ಧಕ್ಕಿಂತ ಹೆಚ್ಚು ಹಣವನ್ನು ಕಾರ್ಡಿಗೇ ಹಾಕಿ, ಉಳಿದದ್ದರಲ್ಲಿ ಪ್ರೊಸೆಸರ್, ರ‍್ಯಾಮ್ ಎಲ್ಲವನ್ನೂ ಮುಗಿಸುವುದು ನನ್ನ ದೃಷ್ಟಿಯಲ್ಲಿ ಜಾಣತನವಲ್ಲ. ಆಟವಾದರೆ ನಡೆದೀತು, ವಿಡಿಯೋ ಕೆಮ್ಮತೊಡಗುತ್ತದೆ. ಕಾರಣವಿದೆ. ಹಳೆಯ ಡಿವಿಯಲ್ಲಿ ಪ್ರತಿಯೊಂದು ಚಿತ್ರವೂ ಪೂರ್ತಿಯಾಗಿ ದಾಖಲಾಗುತ್ತಿತ್ತು. ಇಂದಿನ ಮೊಬೈಲ್ ಫೋನು ಜಾಗ ಉಳಿಸಲು, ಆಗೊಮ್ಮೆ ಈಗೊಮ್ಮೆ ಒಂದು ಚಿತ್ರವನ್ನು ಇಡಿಯಾಗಿಟ್ಟು, ನಡುವಿನವುಗಳಲ್ಲಿ ಏನು ಬದಲಾಯಿತು ಎಂಬುದನ್ನಷ್ಟೇ ಬರೆದಿಡುತ್ತದೆ. ನೋಡುವಾಗ ತೊಂದರೆಯಿಲ್ಲ. ಎಡಿಟ್ ಮಾಡುವವನು ಒಂದು ಹೆಜ್ಜೆ ಹಿಂದಕ್ಕೆ ಹೋದರೆ ಸಾಕು, ಯಂತ್ರ ಹಿಂದಿನ ಇಡೀ ಚಿತ್ರದಿಂದ ಮತ್ತೆ ಲೆಕ್ಕ ಹಾಕುತ್ತಾ ಬರಬೇಕು. ಈ ಗಂಟು ಬಿಚ್ಚಲೆಂದೇ ಇಂಟೆಲ್ 2011ರಲ್ಲಿ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗದಲ್ಲಿ ‘ಕ್ವಿಕ್ ಸಿಂಕ್’ ಎಂಬ ಸೌಲಭ್ಯವನ್ನಿಟ್ಟಿತು. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳು ತುಸು ಅಗ್ಗ. ಆದರೆ ಅವುಗಳಲ್ಲಿ ಆ ಗ್ರಾಫಿಕ್ಸ್ ಭಾಗವೇ ಕೆಲಸ ಮಾಡದು, ಜೊತೆಗೆ ಕ್ವಿಕ್ ಸಿಂಕ್ ಕೂಡ ಇಲ್ಲ. ಬರೀ ಆಡುವವನಿಗೆ ಅದು ಉಳಿತಾಯ. ಎಡಿಟ್ ಮಾಡುವವನು ಅಂಗಡಿಯಲ್ಲಿ ಆ ಒಂದು ಅಕ್ಷರವನ್ನು ನೋಡಿಯೇ ಕೊಳ್ಳಬೇಕು. ಇನ್ನೂ ಅಗ್ಗದ ಉಪಾಯವೊಂದಿದೆ. ಮೂಲ ವಿಡಿಯೋದ ಹಗುರವಾದ ನಕಲು ಮಾಡಿಕೊಂಡು ಅದರಲ್ಲಿ ಕತ್ತರಿಸಿ, ಕೊನೆಗೆ ಮೂಲಕ್ಕೆ ಮರಳುವುದು. ‘ಪ್ರಾಕ್ಸಿ’ ಎಂಬ ಈ ಅನುಕೂಲ ಪ್ರೀಮಿಯರ್, ಡಾವಿಂಚಿ ಎರಡರಲ್ಲೂ ಇದೆ. ಖರ್ಚಿಲ್ಲ, ತಾಳ್ಮೆ ಬೇಕು.

ಪ್ರೊಸೆಸರ್ ವಿಚಾರದಲ್ಲಿ ಬಡವನಿಗೆ ಒಳ್ಳೆಯ ಕಾಲ ಬಂದದ್ದು 2017ರ ಮಾರ್ಚಿಯಲ್ಲಿ. ಅದಕ್ಕೆ ಹಿಂದಿನ ಹತ್ತು ವರ್ಷ ಸಾಮಾನ್ಯರ ಇಂಟೆಲ್ ಗಣಕ ನಾಲ್ಕು ಕೋರುಗಳಲ್ಲೇ ನಿಂತಿತ್ತು. ಎಂಟು ಬೇಕೆಂದರೆ ಸಾವಿರ ಡಾಲರ್ ದಾಟಬೇಕಿತ್ತು. ಎಎಂಡಿ ಕಂಪನಿ ಎಂಟು ಕೋರಿನ ರೈಜನ್ ಪ್ರೊಸೆಸರನ್ನು 329 ಡಾಲರಿಗೆ ತಂದಿತು. ಅದೇ ವರ್ಷದ ಕೊನೆಗೆ ಇಂಟೆಲ್ ಕೂಡ ಆರು ಕೋರಿಗೆ ಏರಿತು. ಪೈಪೋಟಿಯಿಲ್ಲದಿದ್ದರೆ ಹತ್ತು ವರ್ಷ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ. ಆಟಕ್ಕೆ ಕೋರುಗಳ ಸಂಖ್ಯೆಗಿಂತ ಒಂದೊಂದರ ವೇಗ ಮುಖ್ಯ, ಸಿದ್ಧವಾದ ವಿಡಿಯೋವನ್ನು ಹೊರತೆಗೆಯಲು ಸಂಖ್ಯೆಯೂ ಬೇಕು. ಎರಡೂ ಬೇಕೆಂಬ ಸಣ್ಣ ಜೇಬಿನವನಿಗೆ ಆರು ಕೋರು ನ್ಯಾಯವಾದ ನಡುದಾರಿ. ರ‍್ಯಾಮ್ 16 ಗಿಗಾಬೈಟಿಗೆ ಕಡಿಮೆ ಬೇಡ, ಅದೂ ಒಂದೇ ಪಟ್ಟಿಯಾಗಿ ಅಲ್ಲ, ಎಂಟರ ಎರಡು ಪಟ್ಟಿಗಳಾಗಿ. ಆಗ ಮಾಹಿತಿ ಎರಡು ಹಾದಿಗಳಲ್ಲಿ ಓಡಾಡುತ್ತದೆ.

ಚೀಟಿಯ ಲೆಕ್ಕ ತಪ್ಪಿಸುವ ಶಕ್ತಿಗಳು ಮಾತ್ರ ಎಸ್.ಪಿ. ರಸ್ತೆಯಲ್ಲಿಲ್ಲ. 1993ರ ಜುಲೈಯಲ್ಲಿ ಜಪಾನಿನ ನಿಹಾಮಾದಲ್ಲಿ ಚಿಪ್ಪುಗಳ ಹೊದಿಕೆಗೆ ಬೇಕಾದ ರಾಳದ ಕಾರ್ಖಾನೆ ಸ್ಫೋಟಗೊಂಡು ಜಗತ್ತಿನಾದ್ಯಂತ ಮೆಮೊರಿ ಬೆಲೆ ಜಿಗಿಯಿತು. 1999ರಲ್ಲಿ ತೈವಾನಿನ ಭೂಕಂಪ ಅದೇ ಕೆಲಸ ಮಾಡಿತು. 2011ರಲ್ಲಿ ಥಾಯ್ಲೆಂಡಿನ ನೆರೆಗೆ ಹಾರ್ಡ್ ಡಿಸ್ಕಿನ ಕಾರ್ಖಾನೆಗಳು ಮುಳುಗಿದವು. 2021ರಲ್ಲಿ ಈಥೀರಿಯಂ ಎಂಬ ಡಿಜಿಟಲ್ ನಾಣ್ಯ ‘ಅಗೆಯುವವರು’ ಗ್ರಾಫಿಕ್ಸ್ ಕಾರ್ಡುಗಳನ್ನು ಬಾಚಿಕೊಂಡು, ಎಷ್ಟೋ ಕಡೆ ಬೆಲೆ ದುಪ್ಪಟ್ಟಾಯಿತು. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯಕ್ಕೆ ಕಾರ್ಡೇ ಬೇಡವಾದಾಗ ದುಡಿದು ದಣಿದ ಕಾರ್ಡುಗಳು ಹಳೇ ಸಾಮಾನಿನ ಪೇಟೆಗೆ ಬಂದವು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಹಸಿವಿನಿಂದ ಮೆಮೊರಿ ಬೆಲೆ ಮತ್ತೆ ಏರಿತು. ಇಂಥ ಹೊತ್ತಿನಲ್ಲಿ ಬಿಡಿಬಿಡಿಯಾಗಿ ಕೊಳ್ಳುವವನಿಗೆ ಒಂದು ಅನುಕೂಲ ಉಂಟು: ಇವತ್ತು ಎರಡು ಪಟ್ಟಿ ರ‍್ಯಾಮ್ ಹಾಕಿ, ಬೆಲೆ ಇಳಿದ ಮೇಲೆ ಇನ್ನೆರಡು ಹಾಕಿಕೊಳ್ಳಬಹುದು. ಅದಕ್ಕಾಗಿ ನಾಲ್ಕು ಸ್ಲಾಟಿನ ಮದರ್‌ಬೋರ್ಡಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. 2020ರಲ್ಲಿ ಬಂದ ಆಪಲ್ ಕಂಪನಿಯ ಎಂ1 ಚಿಪ್ಪಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್, ಮೆಮೊರಿ ಎಲ್ಲ ಒಂದೇ ಪೊಟ್ಟಣ. ವಿಡಿಯೋ ಕೆಲಸಕ್ಕೆ ಅದು ಬಹಳ ಚೆನ್ನ, ಒಪ್ಪಬೇಕು. ಆದರೆ ಕೊಳ್ಳುವ ದಿನ ಎಷ್ಟು ಮೆಮೊರಿ ಇತ್ತೋ ಕೊನೆಯವರೆಗೂ ಅಷ್ಟೇ.

ಅಸೆಂಬಲ್ಡ್ ಗಣಕದಲ್ಲಿ ಭಾಗಗಳು ಬದಲಾದರೂ ಅವುಗಳ ಅಳತೆ ಬದಲಾಗದಿರುವುದಕ್ಕೆ 1995ರಲ್ಲಿ ಇಂಟೆಲ್ ಪ್ರಕಟಿಸಿದ ‘ಎಟಿಎಕ್ಸ್’ ಎಂಬ ಮಾನಕ ಕಾರಣ. ಅಟ್ಟದ ಮೇಲಿರುವ ತೊಂಬತ್ತರ ದಶಕದ ಕೊನೆಯ ಎಟಿಎಕ್ಸ್ ಕ್ಯಾಬಿನೆಟ್ಟನ್ನು ಇಳಿಸಿ ಧೂಳು ಒರೆಸಿದರೆ, ಇಂದಿನ ಮದರ್‌ಬೋರ್ಡಿನ ಸ್ಕ್ರೂಗಳು ಅದರ ತೂತುಗಳಿಗೇ ಕೂರುತ್ತವೆ. ಗಾಳಿಯಾಡಲು ಹಿಂದೆ ಮುಂದೆ ಫ್ಯಾನ್ ಹಾಕಿಸಬೇಕು, ಉದ್ದನೆಯ ಗ್ರಾಫಿಕ್ಸ್ ಕಾರ್ಡು ಹಿಡಿಸುತ್ತದೆಯೇ ಎಂದು ಅಳೆದು ನೋಡಬೇಕು. ಎಸ್‌ಎಂಪಿಎಸ್ ಮಾತ್ರ ಹಳೆಯದು ಬೇಡ, ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದೂ ಬೇಡ. ಹುಡುಗರ ಚೀಟಿಯಲ್ಲಿ ಅದು ಯಾವಾಗಲೂ ಕಟ್ಟಕಡೆಯ ಸಾಲು. ಉಳಿದ ಅಷ್ಟೂ ಭಾಗಗಳಿಗೆ ಕರೆಂಟು ಹೋಗುವುದು ಅದರ ಮೂಲಕವೇ.