ಮೂರನೇ ದಾರಿ

ಕಿವಿ ಕೇಳದ, ಕಣ್ಣು ಕಾಣದ ಮಗುವಿಗೆ ನಮ್ಮ ಹಾಸನದ ಕಡೆ ಹಳ್ಳಿಗಳಲ್ಲಿ ಹಿಂದೆ ಇದ್ದ ದಾರಿ ಎರಡೇ. ಒಂದು, ಮನೇಲೇ ಇರೋದು. ಇನ್ನೊಂದು, ಮೈಸೂರಿನಂಥ ದೂರದ ಊರಿನ ವಿಶೇಷ ಶಾಲೆಯ ಹಾಸ್ಟೆಲ್ ಸೇರೋದು. ಪಕ್ಕದ ಮನೆ ಹುಡುಗರ ಜೊತೆ ಊರ ಶಾಲೆಗೇ ಹೋಗೋದು ಅನ್ನುವ ಮೂರನೇ ದಾರಿ ತೆರೆಯೋಕೆ ಬಹಳ ಕಾಲ ಹಿಡಿಯಿತು.

ಆ ಮಾತೇನೂ ಹೊಸದಲ್ಲ. ಇಂಥ ಮಕ್ಕಳನ್ನು ಆದಷ್ಟೂ ಸಾಮಾನ್ಯ ಶಾಲೆಯಲ್ಲೇ ಓದಿಸಬೇಕು ಅಂತ 1964-66ರ ಕೊಠಾರಿ ಆಯೋಗ ಹೇಳಿತ್ತು. 1974ರಲ್ಲಿ ಕೇಂದ್ರ ಸರ್ಕಾರ ಅದಕ್ಕೊಂದು ಯೋಜನೆಯನ್ನೂ ತಂತು. ತಮಾಷೆ ನೋಡಿ, ಅದನ್ನು ವಹಿಸಿದ್ದು ಶಿಕ್ಷಣ ಇಲಾಖೆಗಲ್ಲ, ಸಮಾಜ ಕಲ್ಯಾಣ ಇಲಾಖೆಗೆ. ಶಿಕ್ಷಣದವರ ಕೈಗೆ ಬಂದದ್ದು 1982ರಲ್ಲಿ. ಅಲ್ಲಿಯವರೆಗೆ ಈ ಮಕ್ಕಳ ಓದು ದಾನಧರ್ಮದ ಲೆಕ್ಕದಲ್ಲೇ ಇತ್ತು.

ಲೆಕ್ಕ ಬದಲಾಗಿದ್ದು ಅಂಗವಿಕಲರೇ ಮುಂದೆ ಬಂದು ಕೇಳಿದ್ದರಿಂದ. ಬೆಂಗಳೂರಿನಲ್ಲಿ ಪೋಲಿಯೊ ಪೀಡಿತರಾಗಿದ್ದ ಎನ್.ಎಸ್. ಹೇಮಾ 1959ರಲ್ಲೇ ಗೆಳೆಯರನ್ನು ಸೇರಿಸಿಕೊಂಡು ಎಪಿಡಿ ಸಂಸ್ಥೆ ಕಟ್ಟಿದ್ದರು. ದೆಹಲಿಯಲ್ಲಿ ಗಾಲಿಕುರ್ಚಿ ಬಳಸುತ್ತಿದ್ದ ಜಾವೇದ್ ಅಬಿದಿ ಮತ್ತು ಜೊತೆಗಾರರು 1995ರ ಡಿಸೆಂಬರಿನಲ್ಲಿ ಸಂಸತ್ತಿನ ಹತ್ತಿರ ಪ್ರತಿಭಟನೆಗಿಳಿದರು. ಅದೇ ತಿಂಗಳು ಮೊದಲ ಅಂಗವಿಕಲರ ಕಾಯ್ದೆ ಪಾಸಾಯಿತು. 2016ರ ಹೊಸ ಕಾಯ್ದೆ 7 ಬಗೆಯ ಅಂಗವೈಕಲ್ಯದ ಪಟ್ಟಿಯನ್ನು 21ಕ್ಕೆ ಏರಿಸಿತು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಅದೂ ಹತ್ತಿರದ ಶಾಲೆಯಲ್ಲೇ, ಹಕ್ಕು ಅಂತ ಬರೆಯಿತು.

ಸರಿ, ಕಾಯ್ದೆ ಬಂತು. ಅದನ್ನು ತರಗತಿಯವರೆಗೆ ಹೊತ್ತು ತರುವವರು ಯಾರು? ತಾಲ್ಲೂಕಿನ ಬಿಆರ್‌ಸಿಯಲ್ಲಿ ಇರುವ ಬಿಐಇಆರ್‌ಟಿ ಶಿಕ್ಷಕರು. ಬ್ರೈಲ್, ಸನ್ನೆ ಭಾಷೆ, ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಪಾಠ ಹೇಳುವ ರೀತಿ, ಒಂದೊಂದೂ ಬೇರೆ ಬೇರೆ ವಿದ್ಯೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಇವರೇ ಹೋಗಬೇಕು. ಅರಕಲಗೂಡಿನಲ್ಲಿ ಕೊಣನೂರಿಂದ ಮಲ್ಲಿಪಟ್ಟಣ, ಹೊಳೆನರಸೀಪುರದಲ್ಲಿ ಹಳ್ಳಿಮೈಸೂರು, ಚನ್ನರಾಯಪಟ್ಟಣದಲ್ಲಿ ಹಿರೀಸಾವೆ, ಇವೆಲ್ಲ ಬಸ್ಸಿಗೆ ಕಾಯುತ್ತಾ ಸುತ್ತುವ ದೂರಗಳು. ಇಡೀ ತಾಲ್ಲೂಕಿಗೆ ಬೆರಳೆಣಿಕೆಯ ಜನ ಇದ್ದರೆ, ದಿನಾ ಆಗಬೇಕಾದ ಪಾಠ ಯಾವಾಗಲೋ ಒಂದು ಭೇಟಿಗೆ ಇಳಿದುಬಿಡುತ್ತೆ. ದಾಖಲೆಯಲ್ಲಿ ಮಾತ್ರ ಮಗು ಶಾಲೆಯಲ್ಲೇ ಇರುತ್ತೆ.

ಇದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2021ರ ತೀರ್ಪಿನ ನಂತರ ಕೇಂದ್ರ ಸರ್ಕಾರ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ, ಅದಕ್ಕಿಂತ ಮೇಲೆ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಅಂತ ಪ್ರಮಾಣ ಗೊತ್ತುಮಾಡಿತು.

ಅರವತ್ತು ವರ್ಷದ ಈ ಕಥೆಯಲ್ಲಿ ಮಾತು ಯಾವಾಗಲೂ ಮೊದಲು ಬಂದಿದೆ, ಮೇಷ್ಟ್ರು ಆಮೇಲೆ. ಹಾಗಾಗಿ ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಇಂಥ ಮಕ್ಕಳು ಎಷ್ಟು ಜನ ದಾಖಲಾಗಿದ್ದಾರೆ ಅಂತಷ್ಟೇ ಕೇಳಿ ಸುಮ್ಮನಾಗಬೇಡಿ. ಅವರಿಗೆ ಪಾಠ ಹೇಳಬಲ್ಲವರು ಕಳೆದ ತಿಂಗಳು ಎಷ್ಟು ದಿನ ಬಂದಿದ್ದರು ಅಂತಲೂ ಕೇಳಿ.